ಮೊಬೈಲು, ಮನಸ್ಸಾಕ್ಷಿ ಮತ್ತು ಮನಿಲಾದ ಪಾಠ



ಇಂದು ವಾಟ್ಸಾಪ್ ಗುಂಪಿಲ್ಲದ ಧರ್ಮಕೇಂದ್ರವನ್ನು ಕಾಣುವುದು ಕಷ್ಟ. ಗಾಯನ ಮಂಡಳಿಗೆ ಒಂದು, ಯುವಜನರಿಗೆ ಒಂದು, ಮಹಿಳಾ ಸಂಘಕ್ಕೆ ಒಂದು, ಪ್ರತಿಯೊಂದು ಕಿರು ಸಮುದಾಯಕ್ಕೆ ಒಂದೊಂದು. ಸಾವಿನ ಸುದ್ದಿ, ನೊವೇನದ ಸಮಯ, ಹುಟ್ಟುಹಬ್ಬದ ಶುಭಾಶಯ, ಕಳೆದುಹೋದ ಕೊಡೆಯ ಫೋಟೊ ಎಲ್ಲವೂ ಅಲ್ಲಿ ಬರುತ್ತವೆ. ಇವುಗಳ ನಡುವೆ ಒಂದು ದಿನ ಯಾರೋ ಒಬ್ಬರು ಬರೆಯುತ್ತಾರೆ: ನಮ್ಮ ಬೀದಿಗೆ ಮೂರು ವಾರಗಳಿಂದ ನೀರಿಲ್ಲ, ಶಾಲೆಯ ಪಕ್ಕದಲ್ಲೇ ಸಾರಾಯಿ ಅಂಗಡಿ ತೆರೆದಿದ್ದಾರೆ, ಇಂಥ ವಿಧವೆಯ ಮಾಸಾಶನ ನಿಂತುಹೋಗಿದೆ. ಒಡನೆಯೇ ನಲವತ್ತು ಮಂದಿ ಕೆಂಪು ಮುಖದ ಚಿತ್ರ ಹಾಕುತ್ತಾರೆ, ಹತ್ತು ಮಂದಿ ಕೈಮುಗಿದ ಚಿತ್ರ ಹಾಕುತ್ತಾರೆ. ಸಂಜೆಯ ಹೊತ್ತಿಗೆ ಕ್ರಿಕೆಟ್ಟಿನ ಮಾತು ಶುರುವಾಗಿರುತ್ತದೆ. ನೀರು ಬಂತೇ? ಮಾಸಾಶನ ಬಂತೇ? ಯಾರಿಗೂ ನೆನಪಿಲ್ಲ.

ಇದೇ ಸಾಧನ ಮತ್ತೊಂದೆಡೆ ಸರಕಾರಗಳನ್ನು ಉರುಳಿಸಿದೆ, ಲಂಚಕೋರರನ್ನು ಬೆಳಕಿಗೆ ತಂದಿದೆ. ನಿರಪರಾಧಿಗಳನ್ನು ಬೀದಿಯಲ್ಲಿ ಹೊಡೆದು ಕೊಲ್ಲಿಸಿದ್ದೂ ಉಂಟು. ಹಾಗಾದರೆ ನ್ಯಾಯಕ್ಕಾಗಿ ದುಡಿಯಬೇಕೆಂದಿರುವ ಒಬ್ಬ ಕ್ರೈಸ್ತ ಇದನ್ನು ಹೇಗೆ ಹಿಡಿಯಬೇಕು? ಈ ವಾರ ಅದನ್ನು ಸ್ವಲ್ಪ ನಿಧಾನವಾಗಿ ಯೋಚಿಸೋಣ.

"ಸ್ವಾಮಿಗಳೇ, ಇದು ರಾಜಕೀಯ, ಪೀಠದಿಂದ ಮಾತಾಡುವ ವಿಷಯವಲ್ಲ" ಎನ್ನುವವರಿದ್ದಾರೆ. ಎರಡನೆಯ ವ್ಯಾಟಿಕನ್ ಮಹಾಸಭೆಯು ಸಮೂಹ ಮಾಧ್ಯಮಗಳ ಬಗೆಗೆ ಪ್ರತ್ಯೇಕ ಆದೇಶಪತ್ರವನ್ನೇ 1963ರ ಡಿಸೆಂಬರ್ 4ರಂದು ಹೊರಡಿಸಿತು. 1967ರಿಂದ ಪ್ರತಿ ವರ್ಷ ಧರ್ಮಸಭೆ ವಿಶ್ವ ಸಂಪರ್ಕ ಮಾಧ್ಯಮ ದಿನವನ್ನು ಆಚರಿಸುತ್ತಿದೆ. ಆದ್ದರಿಂದ ವಿಷಯ ನಮ್ಮದೇ. ಇನ್ನು ರಾಜಕೀಯದ ಮಾತಿಗೆ ಬಂದರೆ, ಅದಕ್ಕೆ ಉತ್ತರ ಕೊಡಲು ನಮ್ಮಂತೆಯೇ ಜಪಸರ ಹಿಡಿಯುವ ಜನರಿರುವ ಒಂದು ದೇಶದ ಕಥೆ ಹೇಳುವುದೇ ಒಳ್ಳೆಯದು.

ಫಿಲಿಪೈನ್ಸ್ ದೇಶದ ಕಥೆ

ಫಿಲಿಪೈನ್ಸಿನಲ್ಲಿ ಫರ್ಡಿನೆಂಡ್ ಮಾರ್ಕೋಸ್ 1965ರ ಕೊನೆಯಲ್ಲಿ ಅಧಿಕಾರಕ್ಕೆ ಬಂದವರು, 1972ರಲ್ಲಿ ಸೈನಿಕ ಕಾನೂನು ಹೇರಿದರು. 1983ರ ಆಗಸ್ಟ್ 21ರಂದು ವಿರೋಧ ಪಕ್ಷದ ನಾಯಕ ಬೆನಿಗ್ನೊ ಅಕಿನೊ ಅವರನ್ನು ಮನಿಲಾ ವಿಮಾನ ನಿಲ್ದಾಣದಲ್ಲೇ ಗುಂಡಿಕ್ಕಿ ಕೊಂದರು. 1986ರ ಫೆಬ್ರವರಿ 7ರಂದು ಚುನಾವಣೆ ನಡೆಯಿತು. ಅಕಿನೊ ಅವರ ವಿಧವೆ ಕೊರಜಾನ್ ಅಭ್ಯರ್ಥಿಯಾಗಿದ್ದರು.

ಮತ ಎಣಿಕೆಯನ್ನು ಸರಕಾರವು ಕಂಪ್ಯೂಟರುಗಳಿಗೆ ಒಪ್ಪಿಸಿತ್ತು. ಅಲ್ಲಿ ಕುಳಿತು ಕೆಲಸ ಮಾಡುತ್ತಿದ್ದವರು ಸಾಮಾನ್ಯ ಯುವಕ ಯುವತಿಯರು. ತಮ್ಮ ಯಂತ್ರಗಳು ತೋರಿಸುತ್ತಿರುವ ಅಂಕಿಗಳೇ ಬೇರೆ, ಹೊರಗೆ ದೊಡ್ಡ ಫಲಕದ ಮೇಲೆ ಹಾಕುತ್ತಿರುವ ಅಂಕಿಗಳೇ ಬೇರೆ ಎಂಬುದನ್ನು ಅವರು ಗಮನಿಸಿದರು. ಫೆಬ್ರವರಿ 9ರ ರಾತ್ರಿ ಅವರಲ್ಲಿ ಸುಮಾರು 35 ಮಂದಿ ತಮ್ಮ ಕಾಗದಪತ್ರಗಳನ್ನು ತೆಗೆದುಕೊಂಡು ಎದ್ದು ಹೊರಗೆ ನಡೆದರು. ಎಲ್ಲಿಗೆ ಹೋದರು ಗೊತ್ತೇ? ಬಕ್ಲಾರಾನ್ ಎಂಬಲ್ಲಿರುವ ನಿತ್ಯ ಸಹಾಯ ಮಾತೆಯ ದೇವಾಲಯಕ್ಕೆ! ಪ್ರತಿ ಬುಧವಾರ ನಾವು ಯಾವ ಮಾತೆಯ ನೊವೇನಕ್ಕೆ ಸೇರುತ್ತೇವೋ ಅದೇ ಮಾತೆಯ ಆಶ್ರಯ. ಡಿಜಿಟಲ್ ಯಂತ್ರವನ್ನು ಸುಳ್ಳಿಗೆ ಬಳಸಲು ಒಪ್ಪದೆ ಎದ್ದುಹೋದ ಈ ಜನರನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ. ಅವರು ಭಾಷಣ ಮಾಡಲಿಲ್ಲ, ಕಲ್ಲು ತೂರಲಿಲ್ಲ. ತಮ್ಮ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಲು ಬಿಡದಾಗ ಕುರ್ಚಿಯಿಂದ ಎದ್ದರು, ಅಷ್ಟೇ.

ಫೆಬ್ರವರಿ 13ರಂದು ಆ ದೇಶದ ಧರ್ಮಾಧ್ಯಕ್ಷರ ಮಂಡಳಿಯು ಮೋಸದಿಂದ ಪಡೆದ ಅಧಿಕಾರಕ್ಕೆ ನೈತಿಕ ಆಧಾರವಿಲ್ಲವೆಂದು ಬಹಿರಂಗವಾಗಿ ಹೇಳಿತು. ಫೆಬ್ರವರಿ 22ರ ರಾತ್ರಿ ಸೈನ್ಯದ ಒಂದು ಭಾಗ ಮಾರ್ಕೋಸರ ವಿರುದ್ಧ ತಿರುಗಿದಾಗ ಕಾರ್ಡಿನಲ್ ಹೈಮೆ ಸಿನ್ ಅವರು 'ರೇಡಿಯೊ ವೆರಿತಾಸ್' ಎಂಬ ಕಥೋಲಿಕ ಬಾನುಲಿಯ ಮೂಲಕ ಜನರನ್ನು ಎಡ್ಸಾ ಎಂಬ ಹೆದ್ದಾರಿಗೆ ಕರೆದರು. ಅದಕ್ಕೆ ಮೊದಲು ಧ್ಯಾನಮಠಗಳ ಕನ್ಯಾಸ್ತ್ರೀಯರಿಗೆ ಉಪವಾಸವಿದ್ದು ಪ್ರಾರ್ಥಿಸಬೇಕೆಂದು ಹೇಳಿ ಕಳುಹಿಸಿದ್ದರು ಎಂಬುದನ್ನು ಮರೆಯಬಾರದು. ಸರಕಾರದ ಕಡೆಯವರು ಬಾನುಲಿಯ ಪ್ರಸಾರ ಯಂತ್ರವನ್ನು ಒಡೆದುಹಾಕಿದರೂ ಬೇರೊಂದು ಕೇಂದ್ರದಿಂದ ಪ್ರಸಾರ ಮುಂದುವರಿಯಿತು. ಟ್ಯಾಂಕುಗಳ ಮುಂದೆ ಜಪಸರ ಹಿಡಿದ ಕನ್ಯಾಸ್ತ್ರೀಯರು ಮೊಣಕಾಲೂರಿದ ಚಿತ್ರಗಳನ್ನು ಹಿರಿಯ ಓದುಗರು ಆಗಿನ ಪತ್ರಿಕೆಗಳಲ್ಲಿ ನೋಡಿರಬಹುದು. ಫೆಬ್ರವರಿ 25ರಂದು ಮಾರ್ಕೋಸರು ದೇಶ ಬಿಟ್ಟು ಹೋದರು. ಅದೇ ರಸ್ತೆಯ ಬದಿಯಲ್ಲಿ ಮುಂದೆ ಶಾಂತಿಯ ರಾಣಿ ಮರಿಯಮ್ಮನವರಿಗೆ ಒಂದು ದೇವಾಲಯ ಎದ್ದಿತು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿಯೇ ಇರುತ್ತದೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ನಮಗೆ ಬೇಕಾದ ಪಾಠ ಮುಂದಿನ ಭಾಗದಲ್ಲಿದೆ.

1998ರಲ್ಲಿ ಜೋಸೆಫ್ ಎಸ್ತ್ರಾದ ಎಂಬ ಚಿತ್ರನಟರು ಅಲ್ಲಿನ ಅಧ್ಯಕ್ಷರಾದರು. ಬಡವರು ಮನಸಾರೆ ಅವರಿಗೆ ಮತ ಹಾಕಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಅಕ್ರಮ ಜೂಜಿನ ಹಣದಲ್ಲಿ ಅವರು ಪಾಲು ಪಡೆದರೆಂಬ ಆರೋಪ ಬಂತು, ಸೆನೆಟ್ ಸಭೆಯಲ್ಲಿ ವಿಚಾರಣೆ ನಡೆಯಿತು. 2001ರ ಜನವರಿ 16ರಂದು, ಬ್ಯಾಂಕಿನ ದಾಖಲೆಗಳಿದ್ದ ಒಂದು ಲಕೋಟೆಯನ್ನು ತೆರೆಯಬೇಕೇ ಬೇಡವೇ ಎಂಬ ಪ್ರಶ್ನೆಗೆ ಸೆನೆಟರುಗಳು 11ಕ್ಕೆ 10 ಮತಗಳಿಂದ ಬೇಡವೆಂದರು. ಟೆಲಿವಿಷನ್ನಿನಲ್ಲಿ ಅದನ್ನು ನೋಡುತ್ತಿದ್ದ ಜನ ಕೆಲವೇ ಹೊತ್ತಿನಲ್ಲಿ ಮೊಬೈಲಿನ ಎಸ್ಸೆಮ್ಮೆಸ್ ಮೂಲಕ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಿದರು: ಕಪ್ಪು ಬಟ್ಟೆ ಉಟ್ಟು ಎಡ್ಸಾಕ್ಕೆ ಬನ್ನಿ. ಆಗಿನ್ನೂ ವಾಟ್ಸಾಪೂ ಇರಲಿಲ್ಲ, ಫೇಸ್‌ಬುಕ್ಕೂ ಇರಲಿಲ್ಲ. ಅಂಗೈಯಗಲದ ಫೋನಿನ ನಾಲ್ಕು ಸಾಲಿನ ಪರದೆ, ಅಷ್ಟೇ. ಅದೇ ಮರಿಯಮ್ಮನವರ ದೇವಾಲಯದ ಮುಂದೆ ನಾಲ್ಕು ದಿನ ಲಕ್ಷಾಂತರ ಜನ ಸೇರಿದರು. ಜನವರಿ 20ರಂದು ಗ್ಲೋರಿಯ ಅರೋಯೊ ಅದೇ ಸ್ಥಳದಲ್ಲಿ ಹೊಸ ಅಧ್ಯಕ್ಷೆಯಾಗಿ ಪ್ರಮಾಣವಚನ ಸ್ವೀಕರಿಸಿದರು. ಎಸ್ತ್ರಾದ ಅರಮನೆ ಬಿಟ್ಟರು.

ಇಡೀ ಜಗತ್ತು ಬೆರಗಾಯಿತು. ಮೊಬೈಲೇ ಹೊಸ ಪ್ರಜಾಪ್ರಭುತ್ವವೆಂದು ಬರೆದವರಿಗೆ ಲೆಕ್ಕವಿಲ್ಲ.

ಆದರೆ ಏಪ್ರಿಲ್ 25ರಂದು ಎಸ್ತ್ರಾದರ ಬಂಧನವಾದಾಗ ಅದೇ ದೇವಾಲಯದ ಮುಂದೆ ಇನ್ನೊಂದು ಜನಸಾಗರ ಸೇರಿತು. ಇವರು ಕೊಳೆಗೇರಿಗಳಿಂದ ಬಂದ ಬಡವರು, ಅವರಿಗೆ ಮತ ಹಾಕಿದ್ದವರು. ನಮ್ಮನ್ನು ಕೇಳದೆಯೇ ನಮ್ಮ ನಾಯಕನನ್ನು ಇಳಿಸಿದಿರಿ ಎಂಬುದು ಅವರ ಸಂಕಟ. ನಗರದ ಅನುಕೂಲಸ್ಥರಲ್ಲಿ ಕೆಲವರು ಅವರನ್ನು ಹಲ್ಲಿಲ್ಲದವರು, ನಾರುವವರು ಎಂದು ಹಾಸ್ಯ ಮಾಡಿದರು. ಮೇ 1ರ ಮುಂಜಾನೆ ಆ ಗುಂಪು ಅರಮನೆಯತ್ತ ನುಗ್ಗಿತು. ಘರ್ಷಣೆಯಲ್ಲಿ ಪ್ರಾಣಗಳು ಹೋದವು. ಎಸ್ತ್ರಾದರು ತಪ್ಪಿತಸ್ಥರೇ, 2007ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವೇ ಹಾಗೆಂದು ತೀರ್ಪು ಕೊಟ್ಟಿತು. (ಅದರ ಮರು ತಿಂಗಳೇ ಅರೋಯೊ ಅವರಿಗೆ ಕ್ಷಮೆ ಕೊಟ್ಟರು ಎಂಬುದು ಬೇರೆ ಮಾತು.) ಆದರೂ ಆ ಬಡವರ ಸಂಕಟ ಸುಳ್ಳಾಗಿರಲಿಲ್ಲ. ಜನವರಿಯಲ್ಲಿ ಎಸ್ಸೆಮ್ಮೆಸ್ ಹರಿದದ್ದು ಫೋನಿದ್ದವರ ನಡುವೆ. ಫೋನಿಲ್ಲದವರ ಮನೆಗೆ ಹೋಗಿ, "ಈ ಮನುಷ್ಯ ನಿಮ್ಮ ಹೆಸರಿನಲ್ಲಿ ನಿಮ್ಮನ್ನೇ ದೋಚಿದ್ದಾನೆ, ನೋಡಿ" ಎಂದು ತಾಳ್ಮೆಯಿಂದ ವಿವರಿಸಿದವರು ಬಹಳ ಕಡಮೆ.

2005ರಲ್ಲಿ ಅರೋಯೊ ಅವರೇ ಚುನಾವಣಾ ಆಯುಕ್ತರೊಬ್ಬರೊಡನೆ ಫೋನಿನಲ್ಲಿ ಮಾತಾಡಿದ ಧ್ವನಿಮುದ್ರಣ ಹೊರಬಿತ್ತು. ಜನ ಆ ಧ್ವನಿಯನ್ನೇ ತಮ್ಮ ಮೊಬೈಲುಗಳಿಗೆ ಕರೆಗಂಟೆಯಾಗಿ ಹಾಕಿಕೊಂಡು ನಕ್ಕರು. ಅಧ್ಯಕ್ಷೆ ಟಿವಿಯಲ್ಲಿ ವಿಷಾದ ವ್ಯಕ್ತಪಡಿಸಿದರು, ಅಧಿಕಾರದಲ್ಲೇ ಉಳಿದರು. ಮೊಬೈಲಿನಲ್ಲಿ ನಗುವುದು ಬೇರೆ, ಬಿಸಿಲಿನಲ್ಲಿ ನಿಲ್ಲುವುದು ಬೇರೆ.

ಮುಂದೆ ಗಾಳಿ ಪೂರ್ತಿಯಾಗಿ ತಿರುಗಿತು. ಅಧಿಕಾರದಲ್ಲಿರುವವರೇ ಈ ಸಾಧನವನ್ನು ಜನರಿಗಿಂತ ಚೆನ್ನಾಗಿ ಕಲಿತರು. 2016ರಲ್ಲಿ ರೊದ್ರಿಗೊ ದುತೆರ್ತೆ ಅಧ್ಯಕ್ಷರಾದ ಮೇಲೆ ಮಾದಕ ವಸ್ತುಗಳ ವಿರುದ್ಧ ಸಮರವೆಂಬ ಹೆಸರಿನಲ್ಲಿ ಸಾವಿರಾರು ಮಂದಿ ಬಡವರು ಕೊಲ್ಲಲ್ಪಟ್ಟರು. ಪ್ರಶ್ನಿಸಿದವರ ಮೇಲೆ ಫೇಸ್‌ಬುಕ್ಕಿನಲ್ಲಿ ಬೈಗುಳದ ಮಳೆ. ಮರಿಯ ರೆಸ್ಸಾ ಎಂಬ ಪತ್ರಕರ್ತೆಯ ಸಂಸ್ಥೆಯವರು ಆ ವರ್ಷ ಹುಡುಕಿ ನೋಡಿದಾಗ, ಕೇವಲ 26 ನಕಲಿ ಖಾತೆಗಳು ಸುಮಾರು 30 ಲಕ್ಷ ಜನರನ್ನು ಮುಟ್ಟಬಲ್ಲವೆಂಬುದು ಕಂಡುಬಂತು. ಈ ಕೆಲಸಕ್ಕಾಗಿ ಆಕೆ ಮೊಕದ್ದಮೆಗಳನ್ನು ಎದುರಿಸಬೇಕಾಯಿತು. 2021ರಲ್ಲಿ ಆಕೆಗೆ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಆ ಕಾಲದಲ್ಲಿ ಅಲ್ಲಿಯ ಧರ್ಮಸಭೆ ಏನು ಮಾಡಿತು? 2017ರಲ್ಲಿ ರಾತ್ರಿ 8 ಗಂಟೆಗೆ ದೇವಾಲಯಗಳ ಗಂಟೆಗಳನ್ನು ಬಾರಿಸಲು ಕರೆ ಕೊಟ್ಟಿತು, ಸತ್ತವರಿಗಾಗಿ, ಅವರ ಹೆಸರು ಮರೆಯದಿರಲೆಂದು. ಗಂಟೆಗೆ ನಕಲಿ ಖಾತೆಯಿಲ್ಲ. ಯಾರು ಬಾರಿಸಿದರು, ಎಲ್ಲಿಂದ ಬಾರಿಸಿದರು ಎಂಬುದು ಊರಿಗೇ ಗೊತ್ತು. 2025ರ ಮಾರ್ಚ್ 11ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ವಾರಂಟಿನ ಮೇರೆಗೆ ದುತೆರ್ತೆ ಅವರನ್ನು ಮನಿಲಾದಲ್ಲಿ ಬಂಧಿಸಿ ಹೇಗ್ ನಗರಕ್ಕೆ ಕೊಂಡೊಯ್ದರು. ಇಂಥ ಮೊಕದ್ದಮೆಗಳು ನಿಲ್ಲುವುದು ಹೆಸರು, ದಿನಾಂಕ, ಸ್ಥಳಗಳನ್ನು ಯಾರೋ ಬರೆದಿಟ್ಟುಕೊಂಡಿದ್ದರೆ ಮಾತ್ರ. ಗುಂಪಿನಲ್ಲಿ ಹಾಕಿದ ಕೆಂಪು ಮುಖಗಳಿಂದಲ್ಲ.

ನಮ್ಮ ಅಂಗಳದಲ್ಲಿ

ದೂರದ ಮಾತಾಯಿತು, ಇನ್ನು ನಮ್ಮ ರಾಜ್ಯಕ್ಕೆ ಬರೋಣ. 2012ರ ಆಗಸ್ಟ್ ತಿಂಗಳಲ್ಲಿ, ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗಲಿದೆ ಎಂಬ ಸುಳ್ಳು ಸುದ್ದಿ ಮೊಬೈಲುಗಳಲ್ಲಿ ಹರಿದಾಡಿತು. ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಸಾವಿರಾರು ಮಂದಿ ಯುವಕ ಯುವತಿಯರು, ಅವರಲ್ಲಿ ನಮ್ಮ ಕ್ರೈಸ್ತ ಬಂಧುಗಳೂ ಇದ್ದರು, ಚೀಲ ಹೊತ್ತು ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರಕಾರವು ಆಗಸ್ಟ್ 17ರಂದು ಒಟ್ಟಿಗೆ 5ಕ್ಕಿಂತ ಹೆಚ್ಚು ಮಂದಿಗೆ ಎಸ್ಸೆಮ್ಮೆಸ್ ಕಳುಹಿಸುವುದನ್ನೇ ಕೆಲದಿನ ನಿಲ್ಲಿಸಬೇಕಾಯಿತು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಮುರ್ಕಿ ಗ್ರಾಮದಲ್ಲಿ ನಡೆದದ್ದು ಇನ್ನೂ ಘೋರ. ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮೊದಲೇ ಮುಂದಿನ ಊರಿಗೆ ಮುಟ್ಟಿತ್ತು. ಜನ ರಸ್ತೆಗೆ ಅಡ್ಡ ಹಾಕಿ ಹೊಡೆದರು. ಒಬ್ಬ ಯುವಕ ಸತ್ತ. ಸುದ್ದಿ ಮುಂದೆ ಕಳುಹಿಸಿದವರಲ್ಲಿ ಬಹಳಷ್ಟು ಮಂದಿ ತಾವು ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂದೇ ಅಂದುಕೊಂಡಿರಬೇಕು.

ಇಲ್ಲಿ ಸಂತ ಥಾಮಸ್ ಅಕ್ವಿನಾಸರು ಸಹಾಯಕ್ಕೆ ಬರುತ್ತಾರೆ. ಒಂದು ಕೆಲಸ ಒಳ್ಳೆಯದೇ ಕೆಟ್ಟದ್ದೇ ಎಂದು ತೂಗಲು ಅವರು ಮೂರನ್ನು ನೋಡಬೇಕೆನ್ನುತ್ತಾರೆ: ಕೆಲಸ ಯಾವುದು, ಉದ್ದೇಶವೇನು, ಸಂದರ್ಭವೆಂಥದು. ಮೂರೂ ಸರಿಯಾಗಿದ್ದರೆ ಮಾತ್ರ ಕೆಲಸ ಸರಿ. ಉದ್ದೇಶ ಒಳ್ಳೆಯದಿತ್ತು ಎಂದ ಮಾತ್ರಕ್ಕೆ ಸುಳ್ಳು ಹಬ್ಬಿಸಿದ್ದು ಪುಣ್ಯವಾಗದು. ಕೋಪದ ಬಗೆಗೂ ಅವರ ಮಾತು ನಮ್ಮಲ್ಲಿ ಅನೇಕರಿಗೆ ಆಶ್ಚರ್ಯ ತರಬಹುದು. ಕೋಪವೆಲ್ಲ ಪಾಪವಲ್ಲ, ವಿವೇಕದ ಹತೋಟಿಯಲ್ಲಿದ್ದು ಅನ್ಯಾಯದ ವಿರುದ್ಧ ಏಳುವ ಕೋಪ ಹೊಗಳತಕ್ಕದ್ದೇ, ಕೋಪ ಬರಬೇಕಾದ ಕಡೆ ಬಾರದಿರುವುದೇ ದೋಷ ಎನ್ನುತ್ತಾರೆ. ವಿಧವೆಯ ಮಾಸಾಶನ ನಿಂತರೆ ನಿಮಗೆ ಸಿಟ್ಟು ಬರಬೇಕು. ಆ ಸಿಟ್ಟು ವಿವೇಕದ ಮನೆಗೆ ಹೋಗದೆ ನೇರವಾಗಿ ಹೆಬ್ಬೆರಳಿಗೆ ಇಳಿದರೆ ತೊಂದರೆ.

ಧರ್ಮೋಪದೇಶ ಗ್ರಂಥವು ಎಂಟನೆಯ ಕಟ್ಟಳೆಯನ್ನು ವಿವರಿಸುವಾಗ ಮೂರು ತಪ್ಪುಗಳನ್ನು ಬೇರೆ ಬೇರೆಯಾಗಿ ಹೆಸರಿಸುತ್ತದೆ (2477ನೆಯ ಪರಿಚ್ಛೇದ). ಸಾಕಷ್ಟು ಆಧಾರವಿಲ್ಲದೆ ಇನ್ನೊಬ್ಬನು ತಪ್ಪು ಮಾಡಿದ್ದಾನೆಂದು ಮನಸ್ಸಿನಲ್ಲೇ ನಂಬುವುದು ದುಡುಕಿನ ತೀರ್ಪು. ಇನ್ನೊಬ್ಬರ ನಿಜವಾದ ದೋಷವನ್ನೇ ಸೂಕ್ತ ಕಾರಣವಿಲ್ಲದೆ ತಿಳಿಯದವರಿಗೆ ತಿಳಿಸುವುದು ಪರದೂಷಣೆ. ಸುಳ್ಳು ಹೇಳಿ ಹೆಸರು ಕೆಡಿಸುವುದು ಅಪನಿಂದೆ. ಎರಡನೆಯದನ್ನು ಗಮನವಿಟ್ಟು ಓದಿ. "ನಿಜವನ್ನೇ ತಾನೇ ಹಾಕಿದ್ದು" ಎಂಬ ಸಮರ್ಥನೆ ಎಲ್ಲ ಕಡೆ ನಡೆಯದು. ಪಕ್ಕದ ಮನೆಯವರ ಗಂಡ ಕುಡಿದು ಬಿದ್ದ ಫೋಟೊ ನಿಜವೇ ಇರಬಹುದು, ಅದನ್ನು ಗುಂಪಿಗೆ ಹಾಕುವುದು ಪಾಪ. ಅದೇ ರೀತಿ, ಸೂಕ್ತ ಕಾರಣ ಇದ್ದಾಗ ದೋಷವನ್ನು ಹೊರಗೆಡಹುವುದು ಪರದೂಷಣೆಯಲ್ಲ. ಸಾರ್ವಜನಿಕ ಹಣ ತಿಂದ ಅಧಿಕಾರಿಯ ಬಗೆಗೆ ದಾಖಲೆ ಸಮೇತ ದೂರು ಕೊಡುವುದು, ಮಗುವಿಗೆ ತೊಂದರೆ ಕೊಟ್ಟವನನ್ನು ಪೊಲೀಸರಿಗೆ ತಿಳಿಸುವುದು ಕರ್ತವ್ಯ. ನಾತಾನ್ ಪ್ರವಾದಿ ದಾವೀದನ ಎದುರು ನಿಂತು ಅವನ ಪಾಪವನ್ನು ಹೇಳಿದ್ದನ್ನು ಯಾರೂ ಚಾಡಿ ಎನ್ನುವುದಿಲ್ಲ. ಆದರೆ ಆ ಮಗುವಿನ ಹೆಸರನ್ನಾಗಲಿ ಫೋಟೊವನ್ನಾಗಲಿ ಯಾವ ಗುಂಪಿಗೂ ಹಾಕಬೇಡಿ. ಅದು ಪಾಪ ಮಾತ್ರವಲ್ಲ, ನಮ್ಮ ದೇಶದ ಕಾನೂನಿಗೂ ವಿರುದ್ಧ.

ಇನ್ನು, ಹೆಸರು ಕೆಡಿಸಿದವನು ಪಾಪನಿವೇದನೆ ಮಾಡಿದರೆ ಸಾಲದು, ಆದ ಹಾನಿಯನ್ನು ಸರಿಪಡಿಸಬೇಕೆಂಬುದು ಧರ್ಮಸಭೆಯ ಬೋಧನೆ. ಇನ್ನೂರು ಮಂದಿಯ ಗುಂಪಿಗೆ ಸುಳ್ಳು ಕಳುಹಿಸಿದವರು ಅದೇ ಇನ್ನೂರು ಮಂದಿಗೆ "ಅದು ಸುಳ್ಳು" ಎಂದು ಬರೆಯಬೇಕು. ಅಳಿಸಿಹಾಕಿ ಸುಮ್ಮನಿರುವುದು ಸರಿಪಡಿಸಿದಂತಲ್ಲ. ಜಗದ್ಗುರು ಫ್ರಾನ್ಸಿಸರು 2018ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ಸುಳ್ಳು ಸುದ್ದಿಯ ವಿಷಯಕ್ಕೇ ಮೀಸಲಿಟ್ಟು, ಏದೆನ್ ತೋಟದ ಸರ್ಪವನ್ನು ಅದರ ಮೊದಲ ಹರಿಕಾರನಂತೆ ತೋರಿಸಿದ್ದರು. ಸರ್ಪ ಪೂರ್ತಿ ಸುಳ್ಳು ಹೇಳಲಿಲ್ಲ. ನಿಜದೊಳಗೆ ಸ್ವಲ್ಪ ವಿಷ ಬೆರೆಸಿತು. ಇಂದಿನ ವಿಡಿಯೊಗಳೂ ಹಾಗೆಯೇ: ಚಿತ್ರ ನಿಜ, ಊರು ಬೇರೆ, ವರ್ಷ ಬೇರೆ. (ಪ್ರಾಸಂಗಿಕವಾಗಿ ಒಂದು ಮಾತು. ಹಿಂದೆ ಪೋಸ್ಟ್ ಕಾರ್ಡಿನಲ್ಲಿ "ಇದನ್ನು ಹನ್ನೆರಡು ಮಂದಿಗೆ ಬರೆದು ಕಳುಹಿಸದಿದ್ದರೆ ಕೇಡು" ಎಂಬ ಕಾಗದಗಳು ಬರುತ್ತಿದ್ದವು. ಈಗ ಅವೇ "ಆಮೆನ್ ಎಂದು ಬರೆದು ಹತ್ತು ಮಂದಿಗೆ ಕಳುಹಿಸಿ" ಎಂದು ಮೊಬೈಲಿಗೆ ಬರುತ್ತಿವೆ. ದಯವಿಟ್ಟು ನಿಲ್ಲಿಸಿ. ಸಂತ ಜೂದರು ಅಂಚೆ ಲೆಕ್ಕ ಇಡುವುದಿಲ್ಲ.)

ನೆಹೆಮೀಯನ ದಾರಿ

ಹಾಗಾದರೆ ಮಾಡಬೇಕಾದದ್ದೇನು? ಪವಿತ್ರ ಗ್ರಂಥದಲ್ಲಿ ನೆಹೆಮೀಯನ ಪುಸ್ತಕದ 5ನೆಯ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಎಲ್ಲರೂ ಕೂಡಿ ಓದಿ. ಭಾನುವಾರದ ವಾಚನಗಳಲ್ಲಿ ಅದು ಬರುವುದಿಲ್ಲವಾದ್ದರಿಂದ ನಮ್ಮ ಜನರಿಗೆ ಪರಿಚಯ ಕಡಮೆ.

ಜೆರುಸಲೇಮಿನ ಗೋಡೆ ಕಟ್ಟುತ್ತಿರುವಾಗ ಬಡವರು ತಮ್ಮ ಹೆಂಡಿರೊಡನೆ ಬಂದು ಗೋಳಿಡುತ್ತಾರೆ. ಬರಗಾಲದಲ್ಲಿ ಕಾಳಿಗಾಗಿ ಹೊಲಮನೆ ಒತ್ತೆಯಿಟ್ಟಿದ್ದಾರೆ, ರಾಜನ ತೆರಿಗೆಗಾಗಿ ಸಾಲ ಮಾಡಿದ್ದಾರೆ, ಹೆಣ್ಣುಮಕ್ಕಳು ಜೀತಕ್ಕೆ ಹೋಗಿದ್ದಾರೆ. ಸಾಲ ಕೊಟ್ಟವರು ಹೊರಗಿನವರಲ್ಲ, ಅವರ ಸ್ವಂತ ಯೆಹೂದ್ಯ ಸಹೋದರರೇ. ನೆಹೆಮೀಯನಿಗೆ ಕಡುಕೋಪ ಬರುತ್ತದೆ. ಆಮೇಲೆ ಏನು ಮಾಡುತ್ತಾನೆ ಎಂಬುದನ್ನು ನೋಡಿ. ಮೊದಲು ತನ್ನ ಮನಸ್ಸಿನಲ್ಲೇ ಆಲೋಚಿಸುತ್ತಾನೆ. ಆ ಬಳಿಕ ತಪ್ಪು ಮಾಡಿದ ಪ್ರಮುಖರನ್ನೇ ನೇರವಾಗಿ ಆಪಾದಿಸುತ್ತಾನೆ. ಅನಂತರವೇ ಮಹಾಸಭೆ ಕರೆಯುತ್ತಾನೆ. ಆ ಸಭೆಯಲ್ಲಿ ನಾನೂ ನನ್ನವರೂ ಸಾಲ ಕೊಟ್ಟಿದ್ದೇವೆ, ಎಲ್ಲರೂ ಇದನ್ನು ಬಿಡೋಣ ಎಂದು ತನ್ನನ್ನೂ ಸೇರಿಸಿಕೊಳ್ಳುತ್ತಾನೆ. ಇಂದೇ ಹೊಲ ಹಿಂದಿರುಗಿಸಿ, ಬಡ್ಡಿ ಹಿಂದಿರುಗಿಸಿ ಎಂದು ನಿರ್ದಿಷ್ಟವಾಗಿ ಕೇಳುತ್ತಾನೆ. ಅವರು ಒಪ್ಪಿದಾಗ ಅಷ್ಟಕ್ಕೇ ಬಿಡದೆ, ಯಾಜಕರನ್ನು ಕರೆಸಿ ಪ್ರಮಾಣ ಮಾಡಿಸುತ್ತಾನೆ.

ಈಗ ನಮ್ಮ ಗುಂಪಿಗೆ ಬರೋಣ. ನಿಮ್ಮ ಕಿರು ಸಮುದಾಯದ ಒಬ್ಬ ವಿಧವೆಯ ಮಾಸಾಶನ ನಿಂತಿದೆ ಎಂದಿಟ್ಟುಕೊಳ್ಳಿ. ಮೊದಲು ಯಾರಾದರೂ ಅವರ ಮನೆಗೆ ಹೋಗಲಿ. ಪಾಸ್ ಪುಸ್ತಕ ನೋಡಲಿ, ಕೊನೆಯ ಕಂತು ಯಾವ ದಿನ ಬಂತೆಂದು ಬರೆದುಕೊಳ್ಳಲಿ. ಎಷ್ಟೋ ಸಲ ಅಡ್ಡಿ ಬ್ಯಾಂಕಿನಲ್ಲಿರುತ್ತದೆ, ಆಧಾರ್ ಜೋಡಣೆಯಲ್ಲಿರುತ್ತದೆ, ಹೆಸರಿನ ಒಂದು ಅಕ್ಷರದಲ್ಲಿರುತ್ತದೆ. ಗುಮಾಸ್ತನನ್ನು ಕಳ್ಳನೆಂದು ಗುಂಪಿನಲ್ಲಿ ಬರೆದ ಮೇಲೆ ಇದು ತಿಳಿದರೆ ಆ ಮಾತನ್ನು ಹಿಂದೆಗೆದುಕೊಳ್ಳುವ ಬಗೆ ಹೇಗೆ? ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ತೋರಿಸಿದ ಕ್ರಮವೂ ಅದೇ: ಮೊದಲು ಒಬ್ಬನೇ ಹೋಗಿ ಮಾತಾಡು, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ತಿಳಿಸು. ನಾವು ಮೊದಲೇ ಸಭೆಗೆ ತಿಳಿಸಿ, ಕೊನೆಯವರೆಗೂ ಆ ವ್ಯಕ್ತಿಯ ಹತ್ತಿರ ಮಾತಾಡುವುದೇ ಇಲ್ಲ.

ನೆಹೆಮೀಯನು ತನ್ನನ್ನೂ ಸೇರಿಸಿಕೊಂಡನಲ್ಲ, ಆ ಮಾತು ನಮ್ಮ ಧರ್ಮಕೇಂದ್ರಗಳಿಗೆ ಸ್ವಲ್ಪ ಚುಚ್ಚಬೇಕು. ಸರಕಾರಿ ಕಚೇರಿಯ ಲೆಕ್ಕ ಕೇಳುವ ನಾವು, ಗಂಟೆ ಬಾರಿಸುವವನಿಗೂ ಗುರುನಿವಾಸದ ಅಡಿಗೆಯವಳಿಗೂ ಎಷ್ಟು ಸಂಬಳ ಕೊಡುತ್ತೇವೆ? ಹಬ್ಬದ ವಂತಿಗೆಯ ಜಮಾಖರ್ಚನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತೇವೆಯೇ? ಗುರುಗಳಾದ ನಮಗೂ ಪಾಲನಾ ಸಮಿತಿಯವರಿಗೂ ಈ ಪ್ರಶ್ನೆ ಕೇಳುವ ಹಕ್ಕು ಭಕ್ತಾದಿಗಳಿಗೆ ಇದೆ. ಹಾಗೆಯೇ, ಐದು ಕಿಲೊ ಅಕ್ಕಿ ಕೊಟ್ಟು ಪಡೆದವರ ಮುಖದೊಡನೆ ಫೋಟೊ ತೆಗೆದು ಹಾಕುವ ಪರಿಪಾಠವನ್ನು ಸಮಾಜ ಸೇವೆ ಎನ್ನಬೇಡಿ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲೆಂದು ಸ್ವಾಮಿ ಹೇಳಿದ್ದಾರೆ. ನಾವು ಅದನ್ನು ನಾಲ್ಕು ಗುಂಪುಗಳಿಗೆ ತಿಳಿಸುತ್ತೇವೆ.

ನಿರ್ದಿಷ್ಟವಾಗಿ ಕೇಳುವುದು, ಲಿಖಿತವಾಗಿ ಕೇಳುವುದು: ಇದರ ಬಲವನ್ನು ನಮ್ಮ ದೇಶಕ್ಕೆ ಕಲಿಸಿಕೊಟ್ಟವರು ರಾಜಸ್ಥಾನದ ಕೂಲಿಕಾರರು. 1990ರ ಮೇ 1ರಂದು ಅಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯಲ್ಲಿ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮುಂತಾದವರು ಹಳ್ಳಿಯವರೊಡನೆ ಬಾಳಿದರು. 1994ರ ಕೊನೆಯಿಂದ ಅವರು ಬಹಿರಂಗ ಸಭೆಗಳಲ್ಲಿ ಸರಕಾರದ ಹಾಜರಿ ಪಟ್ಟಿಗಳನ್ನು ಗಟ್ಟಿಯಾಗಿ ಓದಿಸತೊಡಗಿದರು. ಸತ್ತವರ ಹೆಸರಿನಲ್ಲಿ ಕೂಲಿ, ಕಟ್ಟದ ಕಟ್ಟಡಕ್ಕೆ ಬಿಲ್ಲು, ಎಲ್ಲವೂ ಊರವರ ಕಿವಿಗೇ ಬಿತ್ತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕುಳಿತರು. ಅಂಥ ಹೋರಾಟಗಳ ಫಲವಾಗಿ 2005ರಲ್ಲಿ ಮಾಹಿತಿ ಹಕ್ಕು ಕಾಯಿದೆ ಬಂತು. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನ ಸರಕಾರವು ಪಡಿತರ, ಪಿಂಚಣಿ ಮುಂತಾದ ವಿವರಗಳನ್ನು ಯಾರೂ ಅರ್ಜಿ ಹಾಕದೆಯೇ ನೋಡುವಂತೆ ಅಂತರಜಾಲದಲ್ಲಿ ತೆರೆದಿಟ್ಟಿತು. ಕಂಪ್ಯೂಟರು ಕೊನೆಗೆ ಬಂತು. ಅದಕ್ಕೆ ಮೊದಲು ಬಿಸಿಲಿನಲ್ಲಿ ಕುಳಿತು ಪಟ್ಟಿ ಓದಿದವರು ಓದುಬಾರದ ಹೆಂಗಸರೂ ಗಂಡಸರೂ ಕೂಡಿದ ಜನ. ಲೂಕನ ಶುಭಸಂದೇಶದಲ್ಲಿ ಅನ್ಯಾಯಗಾರ ನ್ಯಾಯಾಧಿಪತಿಯ ಬಾಗಿಲನ್ನು ಬಿಡದೆ ತಟ್ಟಿದ ವಿಧವೆಯನ್ನು ನಾನು ಅವರಲ್ಲಿ ಕಾಣುತ್ತೇನೆ.

ನಮ್ಮ ಕರ್ನಾಟಕದಲ್ಲಿಯೂ ದಾರಿಗಳಿವೆ. 2011ರ ಸಕಾಲ ಕಾಯಿದೆಯಡಿ ಬರುವ ಸೇವೆಗಳಿಗೆ ಅರ್ಜಿ ಕೊಟ್ಟಾಗ ಒಂದು ಸಂಖ್ಯೆಯ ರಸೀದಿ ಸಿಗಬೇಕು. ಅದನ್ನು ಕೇಳಿ ಪಡೆಯಿರಿ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮೊಬೈಲಿನ ಅತ್ಯುತ್ತಮ ಉಪಯೋಗಗಳಲ್ಲಿ ಇದೊಂದು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯ ತನಕ ಪರಿಹಾರ ಕೇಳಲು ಆ ಕಾಯಿದೆ ಅವಕಾಶ ಕೊಟ್ಟಿದೆ. ಅದಕ್ಕೂ ಮಣಿಯದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದಗಳನ್ನು ಮೀರಬಾರದು. ಯಾಕೆ ಹೀಗೆ ಮಾಡಿದಿರಿ ಎಂದು ಜಗಳವಾಡುವ ಧಾಟಿಯಲ್ಲಿ ಬರೆಯಬೇಡಿ, ಉತ್ತರ ಬಾರದು. ಇಂಥವರ ಮಾಸಾಶನದ ಕೊನೆಯ ಕಂತು ಯಾವ ದಿನ ಬಿಡುಗಡೆಯಾಯಿತು, ಕಡತ ಈಗ ಯಾರ ಬಳಿ ಇದೆ, ತಡೆಹಿಡಿದ ಆದೇಶದ ಪ್ರತಿ ಕೊಡಿ ಎಂದು ಕೇಳಿ. ನಿಮ್ಮ ಗುಂಪಿನ ಕಾಲೇಜು ಹುಡುಗ ಹುಡುಗಿಯರು ಇದನ್ನು ಒಂದು ಸಂಜೆಯಲ್ಲಿ ಬರೆದು ಮುಗಿಸಬಲ್ಲರು. ತಂದೆತಾಯಿಗಳೇ, ಮಕ್ಕಳು ಸದಾ ಮೊಬೈಲಿನಲ್ಲಿರುತ್ತಾರೆಂದು ಗೊಣಗುವ ಬದಲು ಈ ಕೆಲಸ ಅವರಿಗೆ ಒಪ್ಪಿಸಿ ನೋಡಿ.

30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಗುಂಪಿನಲ್ಲಿ ಈ ದಿನಾಂಕಗಳನ್ನು ಎಲ್ಲರಿಗೂ ಕಾಣುವಂತೆ ಬರೆದಿಡಿ. ಕ್ರಿಕೆಟ್ಟಿನ ಮಾತಿನ ನಡುವೆ ಅವು ಕಳೆದುಹೋಗದಂತೆ ಒಬ್ಬರು ಹೊಣೆ ಹೊತ್ತುಕೊಳ್ಳಲಿ. ಉತ್ತರ ಬಂದಾಗ ಅದನ್ನು ಗುಂಪಿಗೆ ಹಾಕುವ ಮೊದಲು ಆ ತಾಯಿಯ ಮನೆಗೆ ಹೋಗಿ ಓದಿ ಹೇಳಿ. ಅವರಿಗೆ ಫೋನು ಇರಲಿಕ್ಕಿಲ್ಲ, ಇದ್ದರೂ ಕಣ್ಣು ಕಾಣಲಿಕ್ಕಿಲ್ಲ. ಇದನ್ನು ನಾಲ್ಕು ಮಂದಿಗೆ ತಿಳಿಸಬಹುದೇ ಎಂದು ಅವರನ್ನೇ ಕೇಳಿ. ಬೇಡವೆಂದರೆ ಕಾಗದವನ್ನು ಅವರ ಕೈಗೇ ಕೊಟ್ಟು ಬನ್ನಿ.